ಸನ್ಯಾಸಿಗಳು ಬರೆದಿಟ್ಟ ಹಳೇ ಬರಹ ಓದೋದು ಹೇಗೆ?

ಮೊದ್ಲು ನೋಡ್ಬೇಕಾದ್ದು ಯಾರು ಬರೆಸಿದ್ರು ಅನ್ನೋದು. ಹ್ಯೂಯೆನ್ ತ್ಸಾಂಗ್‌ನೇ ತಗೊಳ್ಳಿ, 645ರಲ್ಲಿ ಭಾರತದಿಂದ 657 ಗ್ರಂಥ ತಗೊಂಡು ಚೀನಾಕ್ಕೆ ವಾಪಸ್ ಹೋದ, ಮಾರನೇ ವರ್ಷನೇ ಪ್ರವಾಸ ಕಥನ ರೆಡಿ, ಆದ್ರೆ ಅದು ಬೇಕು ಅಂದಿದ್ದು ತಾಂಗ್ ಚಕ್ರವರ್ತಿ, ಹಂಗಾಗಿ ಯಾವ ಊರು ಎಷ್ಟು ದೂರ, ಬೆಳೆ ಏನು, ಹವಾಮಾನ ಹೆಂಗೆ ಅಂತ ರಿಪೋರ್ಟ್ ಥರ ಬರುತ್ತೆ. 19ನೇ ಶತಮಾನದಲ್ಲಿ ಬ್ರಿಟಿಷ್ ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ಹಳೇ ಬೌದ್ಧ ಜಾಗಗಳನ್ನ ಹುಡುಕಿದ್ದು ಇದನ್ನೇ ಇಟ್ಕೊಂಡು. ಮಧ್ಯೆ ಮಧ್ಯೆ ಪವಾಡ ಬರುತ್ತೆ, ಬಂತು ಅಂತ ಪುಟ ಹಾರಿಸ್ಬೇಡಿ, ಆಗಿನ ಜನ ಏನು ನಂಬ್ತಿದ್ರು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಇನ್ನೆಲ್ಲಿ ಸಿಗುತ್ತೆ?

ಬೈದಿರೋ ಕಡೆ ಮಾತ್ರ ಸ್ವಲ್ಪ ಹುಷಾರು. 793ರಲ್ಲಿ ವೈಕಿಂಗರು, ಅಂದ್ರೆ ಹಡಗಲ್ಲಿ ಬರ್ತಿದ್ದ ಸ್ಕ್ಯಾಂಡಿನೇವಿಯಾದ ದಾಳಿಕೋರರು, ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠ ಲೂಟಿ ಮಾಡಿದ್ರು, ಏಟು ತಿಂದೋರ ಕೈಲೇ ಲೇಖನಿನೂ ಇತ್ತಲ್ಲ, ವೈಕಿಂಗರು ಬರೀ ರಾಕ್ಷಸರಾಗೇ ಉಳ್ಕೊಂಡ್ರು. ಅಂಥ ಕಡೆ ಉತ್ಖನನದಲ್ಲಿ ಏನು ಸಿಕ್ಕಿದೆ ಅಂತನೂ ಒಮ್ಮೆ ಚೆಕ್ ಮಾಡಿ.

ಕಥೆ ಕಾವ್ಯದಲ್ಲಿ ಬರೋ ಸನ್ಯಾಸಿನ ನಿಜವಾದ ಸನ್ಯಾಸಿ ಅನ್ಕೋಬೇಡಿ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ ಕಾವ್ಯದಲ್ಲಿ ಬರೋ ಸನ್ಯಾಸಿಗೆ ಬೇಟೆನಾಯಿ, ಕುದುರೆ, ಹುರಿದ ಹಂಸದ ಮಾಂಸನೇ ಇಷ್ಟ. ಅದು ವ್ಯಂಗ್ಯ, ದಾಖಲೆ ಅಲ್ಲ.

ನಂಗೆ ಭಾರೀ ಇಷ್ಟ ಅಂದ್ರೆ ಅವರು ತಮಗೋಸ್ಕರ ಗೀಚಿದ್ದು. 9ನೇ ಶತಮಾನದ ಒಬ್ಬ ಐರಿಶ್ ಸನ್ಯಾಸಿ ತನ್ನ ನೋಟ್ಸ್ ಮಧ್ಯೆ ಬಿಳೀ ಬೆಕ್ಕಿನ ಮೇಲೊಂದು ಪದ್ಯ ಬರೆದಿದಾನೆ, ಅದು ಇಲಿ ಹಿಡಿಯುತ್ತೆ ನಾನು ಅರ್ಥ ಹಿಡೀತೀನಿ, ಇಬ್ರೂ ನಮ್ಮನಮ್ಮ ಕೆಲ್ಸದಲ್ಲಿ ಖುಷಿ ಅಂತ! ಇಂಥವು ಸಿಕ್ರೆ ಮೊದ್ಲು ಅದನ್ನೇ ಓದಿ, ದೊಡ್ಡ ಗ್ರಂಥ ಆಮೇಲೆ.