ಉಷ್ಣವಲಯದ ದೇಶಕ್ಕೆ ಹೊರಟಿದ್ದೀರಾ? ಲಸಿಕೆಯ ಲೆಕ್ಕ ಎಂಟು ವಾರ ಮೊದಲೇ ಹಾಕಿ

ಟಿಕೆಟ್, ವೀಸಾ, ಹೋಟೆಲ್ ಎಲ್ಲವೂ ಮುಗಿದು ಲಸಿಕೆಯ ನೆನಪಾಗುವಷ್ಟರಲ್ಲಿ ಹೊರಡಲು ಒಂದೇ ವಾರ ಉಳಿದಿರುತ್ತದೆ. ಆಗಲೂ ಸೂಜಿ ಚುಚ್ಚಿಸಿಕೊಳ್ಳಬಹುದು. ಆದರೆ ದೇಹದಲ್ಲಿ ರೋಗನಿರೋಧಕ ಶಕ್ತಿ ಬೆಳೆಯಲು ಎರಡು ವಾರವಾದರೂ ಬೇಕು, ಕೆಲವು ಲಸಿಕೆಗಳಿಗೆ ಎರಡು ಮೂರು ಡೋಸ್ ಬೇಕು. ಆದ್ದರಿಂದ ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ, ಆರರಿಂದ ಎಂಟು ವಾರ ಮೊದಲೇ ಪ್ರಯಾಣಿಕರ ಲಸಿಕಾ ಕೇಂದ್ರಕ್ಕೆ ಹೋಗಿ. ತಡವಾಗಿದ್ದರೂ ಹೋಗುವುದನ್ನು ಬಿಡಬೇಡಿ. ಹೆಪಟೈಟಿಸ್ ಎ ಲಸಿಕೆಯ ಒಂದೇ ಡೋಸ್ ಕೊನೆಯ ವಾರದಲ್ಲಿ ಹಾಕಿಸಿಕೊಂಡರೂ ಪ್ರಯೋಜನವಿದೆ.

ವೈದ್ಯರಿಗೆ ದೇಶದ ಹೆಸರಷ್ಟೇ ಹೇಳಿದರೆ ಸಾಲದು

ಯಾವ ಊರು, ಯಾವ ತಿಂಗಳು, ಎಷ್ಟು ದಿನ, ನಗರದ ಹೋಟೆಲೋ ಹಳ್ಳಿಯ ಮನೆಯೋ, ದಾರಿಯಲ್ಲಿ ಎಲ್ಲೆಲ್ಲಿ ವಿಮಾನ ಬದಲಿಸುತ್ತೀರಿ, ಎಲ್ಲವನ್ನೂ ಬರೆದುಕೊಂಡು ಹೋಗಿ. ಇಥಿಯೋಪಿಯಾದ ಅಡಿಸ್ ಅಬಾಬ 2,300 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಅಲ್ಲಿ ಮಲೇರಿಯಾ ಹರಡುವುದಿಲ್ಲ. ಅದೇ ದೇಶದ ತಗ್ಗು ಪ್ರದೇಶಕ್ಕೆ ಇಳಿದರೆ ಮಾತ್ರೆ ಬೇಕಾಗುತ್ತದೆ. ಹಳೆಯ ಲಸಿಕಾ ಕಾರ್ಡ್, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ, ಅಲರ್ಜಿ, ಗರ್ಭಧಾರಣೆಯ ವಿಷಯವೂ ವೈದ್ಯರಿಗೆ ಗೊತ್ತಿರಬೇಕು.

ಮೊದಲು ನೋಡಬೇಕಾದದ್ದು ಸಾಮಾನ್ಯ ಲಸಿಕೆಗಳನ್ನು. ದಡಾರದ ಎರಡು ಡೋಸ್ ಆಗಿದೆಯೇ? ಧನುರ್ವಾಯು ಲಸಿಕೆ ಹಾಕಿಸಿಕೊಂಡು ಹತ್ತು ವರ್ಷ ದಾಟಿದೆಯೇ? ಪೋಲಿಯೊ ಪೂರ್ಣವಾಗಿದೆಯೇ? ಇಲ್ಲೊಂದು ನಿಯಮ ನೆನಪಿರಲಿ: ದಡಾರ ಮತ್ತು ಹಳದಿ ಜ್ವರದ ಲಸಿಕೆಗಳೆರಡೂ ಜೀವಂತ ವೈರಸ್ಸಿನಿಂದ ಮಾಡಿದವು. ಅವನ್ನು ಒಂದೇ ದಿನ ಕೊಡಬೇಕು, ಇಲ್ಲವೇ ನಡುವೆ 28 ದಿನ ಬಿಡಬೇಕು. ಅಂತರ ಕಡಿಮೆಯಾದರೆ ಎರಡನೆಯದು ಸರಿಯಾಗಿ ಹಿಡಿಯದೆ ಹೋಗಬಹುದು.

ಹಳದಿ ಜ್ವರದ ಪ್ರಮಾಣಪತ್ರ

ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಅನೇಕ ದೇಶಗಳಿಗೆ ಇದು ಕಾನೂನಿನ ವಿಷಯ. ಅಧಿಕೃತ ಕೇಂದ್ರದಲ್ಲಿ ಮಾತ್ರ ಈ ಲಸಿಕೆ ಹಾಕಿಸಿಕೊಳ್ಳಿ, ಬೇರೆಡೆಯ ಕಾಗದ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಪ್ರಮಾಣಪತ್ರಕ್ಕೆ ಬೆಲೆ ಬರುವುದು ಲಸಿಕೆ ಹಾಕಿದ 10 ದಿನಗಳ ನಂತರ. 1ನೇ ತಾರೀಖು ಹಾಕಿಸಿಕೊಂಡರೆ 11ರಿಂದ ಅದು ಸಿಂಧು. ಜುಲೈ 2016ರಿಂದ ಒಂದೇ ಡೋಸಿನ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ, ಹತ್ತು ವರ್ಷದ ಹಳೆಯ ಕಾರ್ಡನ್ನು ಎಸೆಯಬೇಡಿ. ಕೇಂದ್ರದಿಂದ ಹೊರಡುವ ಮುನ್ನ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ, ತಾರೀಖು, ಬ್ಯಾಚ್ ಸಂಖ್ಯೆ, ಸಹಿ, ಮುದ್ರೆ ಎಲ್ಲವೂ ಇವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.

ಜನ ಎಡವುವ ಇನ್ನೊಂದು ಜಾಗ ದಾರಿಯ ನಿಲುಗಡೆ. ರೋಗವೇ ಇಲ್ಲದ ದೇಶವೂ, ರೋಗವಿರುವ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದು ಬಂದವರಿಂದ ಈ ಪತ್ರ ಕೇಳಬಹುದು. ಆರು ತಿಂಗಳೊಳಗಿನ ಶಿಶುಗಳಿಗೆ, ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ, ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ ಈ ಲಸಿಕೆ ಸಲ್ಲದು. 60 ದಾಟಿ ಮೊದಲ ಬಾರಿ ಹಾಕಿಸಿಕೊಳ್ಳುವವರಲ್ಲಿ ಅಪರೂಪದ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚು, ವೈದ್ಯರು ತೂಗಿ ನೋಡಿಯೇ ಕೊಡಬೇಕು. ಕೊಡಲಾಗದಿದ್ದರೆ ವಿನಾಯಿತಿ ಪತ್ರ ಬರೆಸಿಕೊಳ್ಳಿ, ಹೋಗುವ ದೇಶ ಅದನ್ನು ಒಪ್ಪುತ್ತದೆಯೇ ಎಂದು ರಾಯಭಾರ ಕಚೇರಿಯಲ್ಲಿ ಮೊದಲೇ ಕೇಳಿ.

ಉಳಿದ ಲಸಿಕೆಗಳು

ಹೆಪಟೈಟಿಸ್ ಎ ಮತ್ತು ಟೈಫಾಯ್ಡ್ ಎರಡೂ ನೀರು, ಊಟದಿಂದ ಬರುವವು. ಟೈಫಾಯ್ಡ್ ಚುಚ್ಚುಮದ್ದು ಎರಡು ವಾರ ಮೊದಲು ಆಗಿರಲಿ. ಹೆಪಟೈಟಿಸ್ ಬಿ ಮಾಮೂಲಿ ಕ್ರಮದಲ್ಲಿ 0, 1, 6 ತಿಂಗಳು. ಸಮಯವಿಲ್ಲದಿದ್ದರೆ 0, 7, 21ನೇ ದಿನ ಕೊಟ್ಟು ವರ್ಷದ ನಂತರ ನಾಲ್ಕನೆಯದನ್ನು ಕೊಡುವ ಕ್ರಮವೂ ಉಂಟು. ಏಷ್ಯಾದ ಭತ್ತದ ಗದ್ದೆ, ಹಂದಿ ಸಾಕಣೆ ಇರುವ ಹಳ್ಳಿಗಳಲ್ಲಿ ವಾರಗಟ್ಟಲೆ ಇರುವವರು ಜಪಾನೀಸ್ ಮೆದುಳು ಜ್ವರದ ಲಸಿಕೆಯ ಬಗ್ಗೆ ಕೇಳಬೇಕು.

ಪ್ರಯಾಣಿಕರು ಅತಿ ಹೆಚ್ಚು ಕಡೆಗಣಿಸುವುದು ರೇಬಿಸ್ ಲಸಿಕೆಯನ್ನು. ದೊಡ್ಡ ಆಸ್ಪತ್ರೆಯಿಂದ ದೂರ ಹೋಗುವವರಿಗೆ, ಮಕ್ಕಳಿಗೆ ಇದನ್ನು ಹಾಕಿಸಿಯೇ ಕರೆದುಕೊಂಡು ಹೋಗುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. 0 ಮತ್ತು 7ನೇ ದಿನ ಎರಡು ಡೋಸ್ ಸಾಕು. ಹಾಕಿಸಿಕೊಳ್ಳದವರಿಗೆ ನಾಯಿ ಕಚ್ಚಿ ಗಾಯವಾದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ರೋಗದ ವಿರುದ್ಧ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕು, ಎಷ್ಟೋ ಕಡೆ ಅದು ಸಿಗುವುದೇ ಇಲ್ಲ. ಮೊದಲೇ ಹಾಕಿಸಿಕೊಂಡವರಿಗೆ ಅದರ ಅಗತ್ಯವಿಲ್ಲ, ಇನ್ನೆರಡು ಡೋಸ್ ಲಸಿಕೆ ಸಾಕು. ಆದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಲೇಬೇಕು, ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ಮಲೇರಿಯಾ ಮಾತ್ರೆ: ಮರಳಿ ಬಂದ ಮೇಲೂ

ಮುಂದೆ ಹೇಳಿರುವ ಮೂರರಲ್ಲಿ ವೈದ್ಯರು ಹೇಳಿದ ಒಂದನ್ನು ಮಾತ್ರ ತೆಗೆದುಕೊಳ್ಳಿ. ಅಟೊವಾಕ್ವೋನ್-ಪ್ರೊಗ್ವಾನಿಲ್ ದಿನಕ್ಕೊಂದು. ಹೋಗುವ ಒಂದೆರಡು ದಿನ ಮೊದಲು ಶುರು ಮಾಡಿ, ಬಂದ ಮೇಲೆ 7 ದಿನ ಮುಂದುವರಿಸಬೇಕು, ಊಟ ಅಥವಾ ಹಾಲಿನ ಜೊತೆಗೆ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಕೂಡ ದಿನಕ್ಕೊಂದು, ಆದರೆ ಬಂದ ಮೇಲೆ 4 ವಾರ. ಇದನ್ನು ಲೋಟದ ತುಂಬ ನೀರಿನೊಂದಿಗೆ ನುಂಗಿ, ತಕ್ಷಣ ಮಲಗಬೇಡಿ, ಅನ್ನನಾಳ ಸುಟ್ಟಂತಾಗುತ್ತದೆ. ಚರ್ಮ ಬಿಸಿಲಿಗೆ ಬೇಗ ಕೆಂಪೇರುತ್ತದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಇದು ಬೇಡ. ವಾರಕ್ಕೊಂದು ನುಂಗುವ ಮೆಫ್ಲೊಕ್ವಿನ್ ಎರಡು ಮೂರು ವಾರ ಮೊದಲೇ ಆರಂಭವಾಗಬೇಕು. ಕೆಟ್ಟ ಕನಸು, ಆತಂಕದಂಥ ತೊಂದರೆ ಬರುವುದಿದ್ದರೆ ಮನೆಯಲ್ಲಿರುವಾಗಲೇ ತಿಳಿಯುತ್ತದೆ, ಮಾತ್ರೆ ಬದಲಿಸಬಹುದು.

ಬಂದ ಮೇಲೂ ಏಕೆ? ಸೊಳ್ಳೆ ಕಚ್ಚಿದಾಗ ಪರಾವಲಂಬಿ ಜೀವಿಗಳು ಮೊದಲು ಯಕೃತ್ತಿನಲ್ಲಿ ಬೆಳೆದು, ದಿನಗಳ ನಂತರ ರಕ್ತಕ್ಕೆ ಇಳಿಯುತ್ತವೆ. ಡಾಕ್ಸಿಸೈಕ್ಲಿನ್, ಮೆಫ್ಲೊಕ್ವಿನ್ ಅವನ್ನು ಕೊಲ್ಲುವುದು ರಕ್ತದಲ್ಲಿ ಮಾತ್ರ. ಕೊನೆಯ ದಿನ ಕಚ್ಚಿದ ಸೊಳ್ಳೆಯ ಲೆಕ್ಕವೂ ಮುಗಿಯಬೇಕಾದರೆ ನಾಲ್ಕು ವಾರ ತೆಗೆದುಕೊಳ್ಳಬೇಕು. ಮನೆಗೆ ಬಂದೆವಲ್ಲ ಎಂದು ಇಲ್ಲೇ ಹೆಚ್ಚಿನವರು ಮಾತ್ರೆ ಬಿಡುತ್ತಾರೆ.

ಸೊಳ್ಳೆ, ನೀರು, ಬಿಸಿಲು

ಮಲೇರಿಯಾದ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ. ಡೆಂಗಿ, ಝಿಕಾ ಹರಡುವ ಈಡಿಸ್ ಕಚ್ಚುವುದು ಹಗಲಲ್ಲಿ. ಹಾಗಾಗಿ ರಾತ್ರಿಯ ಪರದೆಯೊಂದನ್ನೇ ನಂಬಬೇಡಿ. 20ರಿಂದ 50 ಶೇಕಡಾ ಡೀಟ್ ಅಥವಾ 20 ಶೇಕಡಾ ಪಿಕಾರಿಡಿನ್ ಇರುವ ಸೊಳ್ಳೆ ನಿರೋಧಕ ಒಯ್ಯಿರಿ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ನಿರೋಧಕ. ಪರ್ಮೆಥ್ರಿನ್ ಎಂಬ ಕೀಟನಾಶಕ ಬಟ್ಟೆಗೆ, ಪರದೆಗೆ ಮಾತ್ರ, ಮೈಗೆ ಬೇಡ.

ಕುಡಿಯುವ ನೀರು ಕುದಿ ಬಂದು ಒಂದು ನಿಮಿಷ ಕುದಿಯಲಿ, 2,000 ಮೀಟರಿಗಿಂತ ಮೇಲಾದರೆ ಮೂರು ನಿಮಿಷ. ಐಸ್ ಕೂಡ ನಲ್ಲಿಯ ನೀರೇ ಆಗಿರಬಹುದು. ಆಫ್ರಿಕಾದ ಮಲಾವಿ, ವಿಕ್ಟೋರಿಯಾದಂಥ ಸರೋವರಗಳಲ್ಲಿ ಈಜಬೇಡಿ, ಬಸವನಹುಳುವಿನಿಂದ ಹೊರಬಿದ್ದ ಮರಿಹುಳುಗಳು ಚರ್ಮ ತೂರಿ ಒಳಸೇರುತ್ತವೆ. ಭೇದಿಯಾದರೆ ಓಆರ್‌ಎಸ್ ಪೊಟ್ಟಣ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ರಕ್ತ ಬಿದ್ದರೆ, ಜ್ವರವಿದ್ದರೆ ಭೇದಿ ನಿಲ್ಲಿಸುವ ಲೋಪೆರಮೈಡ್ ನುಂಗದೆ ವೈದ್ಯರ ಬಳಿ ಹೋಗಿ. ನಿತ್ಯದ ಔಷಧಿಗಳು ಮೂಲ ಪ್ಯಾಕಿನಲ್ಲೇ, ಚೀಟಿ ಸಮೇತ, ಕೈಚೀಲದಲ್ಲಿರಲಿ.

ಜ್ವರ ಬಂದರೆ

ಅಲ್ಲಿರುವಾಗ ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಡೆಂಗಿಯಾಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. ಮಲೇರಿಯಾ ಪ್ರದೇಶ ಹೊಕ್ಕು ಏಳು ದಿನ ಕಳೆದ ಮೇಲೆ, ಮರಳಿದ ನಂತರ ಒಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ, ಮಾತ್ರೆ ತಪ್ಪದೆ ನುಂಗಿದ್ದರೂ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಯಾವ ದೇಶಕ್ಕೆ, ಯಾವಾಗ ಹೋಗಿದ್ದಿರಿ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ 12ರಿಂದ 24 ಗಂಟೆಗಳ ಅಂತರದಲ್ಲಿ ಮತ್ತೆರಡು ಬಾರಿ ಮಾಡಿಸಬೇಕು.