ಹಿಮ್ಮಡಿ ನೆಲಕ್ಕಿರಲಿ, ಕಣ್ಣು ತೆರೆದಿರಲಿ: ಡಿಸೋಸಿಯೇಷನ್ ಬಂದಾಗ ನಾನು ಮಾಡುವುದು

ಎದುರಿಗೆ ಕೂತವರ ಮಾತು ಬಾವಿಯೊಳಗಿಂದ ಬಂದಂತೆ ಕೇಳತೊಡಗುತ್ತದೆ. ಕೈ ರೊಟ್ಟಿ ಬಡಿಯುತ್ತಲೇ ಇರುತ್ತದೆ, ಆದರೆ ಆ ಕೈ ನನ್ನದು ಅನ್ನಿಸುವುದಿಲ್ಲ. ಓಣಿ ಅದೇ, ಮನೆ ಅದೇ, ಆದರೂ ಎಲ್ಲ ಬಣ್ಣ ಬಳಿದ ಪರದೆಯಂತೆ ಚಪ್ಪಟೆ. ವೈದ್ಯರು ಇದನ್ನು ಡಿಸೋಸಿಯೇಷನ್ ಅನ್ನುತ್ತಾರೆ, ನಾನು ಮಂಕು ಅನ್ನುತ್ತೇನೆ. ನನ್ನ ಮೈ ನನ್ನದಲ್ಲ ಅನ್ನಿಸಿದರೆ ಡಿಪರ್ಸನಲೈಸೇಷನ್, ಸುತ್ತಲಿನ ಲೋಕ ನಿಜವಲ್ಲ ಅನ್ನಿಸಿದರೆ ಡಿರಿಯಲೈಸೇಷನ್. ಕೆಲವರಿಗೆ ನಡುವಿನ ಹೊತ್ತೇ ನೆನಪಿನಿಂದ ಹಾರಿಹೋಗುತ್ತದೆ. ಇನ್ನು ಕೆಲವರಿಗೆ ಮೈ ಸೆಟೆದು ಫಿಟ್ಸ್ ಬಂದಂತೆ ಆಗುತ್ತದೆ. ತಪ್ಪಿಸಿಕೊಳ್ಳಲಾಗದ ಭಯ ಎದುರಾದಾಗ ನೋವು ತಟ್ಟದಿರಲೆಂದು ಮನಸ್ಸು ದೂರ ಸರಿಯುತ್ತದೆ. ಆ ಹೊತ್ತಿಗೆ ಅದು ಕಾಪಾಡಿದ್ದೂ ನಿಜ. ಭಯ ತೀರಿ ವರ್ಷಗಳಾದ ಮೇಲೂ ಒಂದು ದನಿಗೆ, ಒಂದು ವಾಸನೆಗೆ ಮತ್ತೆ ಹಾಗೇ ಸರಿಯತೊಡಗಿದರೆ ದಿನದ ಬದುಕು ಕೆಡುತ್ತದೆ. ಡಿಪರ್ಸನಲೈಸೇಷನ್, ಡಿರಿಯಲೈಸೇಷನ್‌ನಲ್ಲಿ ‘ಹಾಗೆ ಅನ್ನಿಸ್ತಾ ಇದೆ ಅಷ್ಟೇ’ ಎಂಬ ಅರಿವು ಒಳಗೆ ಉಳಿದಿರುತ್ತದೆ. ಹುಚ್ಚು ಹಿಡಿಯುತ್ತಿದೆ ಎಂದು ಹೆದರಬೇಡಿ. ಆ ಹೆದರಿಕೆಯೇ ಅದನ್ನು ಇನ್ನಷ್ಟು ಬೆಳೆಸುತ್ತದೆ.

ರಾಯಚೂರಿನಲ್ಲಿದ್ದುಕೊಂಡು, ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರ ನೆರವಿನಿಂದ ನಾನು ರೂಢಿಸಿಕೊಂಡ ಕ್ರಮವನ್ನು ಬರೆಯುತ್ತಿದ್ದೇನೆ. ದೂರ ಸರಿದ ಮನಸ್ಸನ್ನು ಈ ಹೊತ್ತಿಗೆ, ಈ ಜಾಗಕ್ಕೆ ಮರಳಿ ತರಲು ಗ್ರೌಂಡಿಂಗ್ ಎಂಬ ಹೆಸರಿನಲ್ಲಿ ಹತ್ತಾರು ಉಪಾಯಗಳಿವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಆ ಕ್ರಮವೇ ಮುಖ್ಯ: ಕಾಲು, ಕಣ್ಣು, ತಂಪು, ನಾಲಿಗೆ, ಕೊನೆಗೆ ಮಾತು.

ಮೊದಲು ಕಾಲು. ಕುರ್ಚಿಯಲ್ಲಿ ಬೆನ್ನು ತಾಗಿಸಿ ಕೂತು, ಚಪ್ಪಲಿ ಬಿಟ್ಟು, ಎರಡೂ ಹಿಮ್ಮಡಿಯನ್ನು ನೆಲಕ್ಕೆ ಒತ್ತುತ್ತೇನೆ. ಹತ್ತು ಎಣಿಸುವವರೆಗೆ ಒತ್ತಿ, ಐದು ಎಣಿಸುವವರೆಗೆ ಸಡಿಲ ಬಿಡಬೇಕು. ಹೀಗೆ ನಾಲ್ಕು ಸಲ. ತೊಡೆಯ ಸ್ನಾಯು ಬಿಗಿಯಾಗುವಷ್ಟು ಒತ್ತಬೇಕು, ಸುಮ್ಮನೆ ಪಾದ ಇಟ್ಟರೆ ಏನೂ ಆಗುವುದಿಲ್ಲ. ದೊಡ್ಡ ಸ್ನಾಯುಗಳು ದುಡಿದಾಗ ಮೈಯ ತೂಕ ಎಲ್ಲಿದೆ ಎಂಬ ಸುದ್ದಿ ಮಿದುಳಿಗೆ ಜೋರಾಗಿ ಮುಟ್ಟುತ್ತದೆ. ನಮ್ಮ ಕಡೆ ಮನೆಗಳಲ್ಲಿ ಪರ್ಸಿ ಕಲ್ಲಿನ ನೆಲ ಇರುವುದು ಇದಕ್ಕೆ ಬಹಳ ಅನುಕೂಲ, ಬೇಸಿಗೆಯಲ್ಲೂ ಒಳಮನೆಯ ಕಲ್ಲು ತಣ್ಣಗಿರುತ್ತದೆ. ಮಾಳಿಗೆಗೋ ಅಂಗಳಕ್ಕೋ ಬರಿಗಾಲಲ್ಲಿ ಹೋಗಬೇಡಿ. ಮಂಕು ಕವಿದಾಗ ಬಿಸಿ ಗೊತ್ತಾಗುವುದಿಲ್ಲ, ಏಪ್ರಿಲ್ ಬಿಸಿಲಿಗೆ ಅಂಗಾಲು ಸುಟ್ಟ ಮೇಲೆ ತಿಳಿಯುತ್ತದೆ.

ಎರಡನೆಯದು ಕಣ್ಣು. ಎಲ್ಲರೂ 5-4-3-2-1 ಹೇಳಿಕೊಡುತ್ತಾರೆ: ಐದು ಕಾಣುವುದು, ನಾಲ್ಕು ಮುಟ್ಟುವುದು, ಮೂರು ಕೇಳುವುದು, ಎರಡು ಮೂಸುವುದು, ಒಂದು ರುಚಿ ನೋಡುವುದು. ಮಂಕು ತೆಳ್ಳಗಿದ್ದಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆಳಕ್ಕೆ ಇಳಿದಾಗ ಮೂರನೆಯದಕ್ಕೇ ಲೆಕ್ಕ ತಪ್ಪುತ್ತದೆ, ‘ಇದೂ ನನ್ನಿಂದ ಆಗಲಿಲ್ಲ’ ಎಂಬ ಗಾಬರಿ ಬೇರೆ ಸೇರುತ್ತದೆ. ಆಗ ಎಣಿಕೆ ಬಿಟ್ಟು ಒಂದೇ ಒಂದು ವಸ್ತು ಹಿಡಿಯುತ್ತೇನೆ. ನನ್ನದು ಸ್ಟೀಲಿನ ಚೊಂಬು. ಅದನ್ನು ನೋಡುತ್ತ ಬಾಯಿಬಿಟ್ಟು ಹೇಳುತ್ತೇನೆ: ಕಂಠದ ಕೆಳಗೆ ಅಜ್ಜಿಯ ಹೆಸರು ಚುಕ್ಕೆಚುಕ್ಕೆಯಾಗಿ ಕೊರೆದಿದೆ, ಕೊನೆಯ ಅಕ್ಷರ ಅರ್ಧ ಅಳಿಸಿದೆ, ಬಲಗಡೆ ಒಂದು ತಗ್ಗು, ಆ ತಗ್ಗಿನಲ್ಲಿ ಟ್ಯೂಬ್‌ಲೈಟ್ ಬಾಗಿ ಕಾಣುತ್ತಿದೆ. ಹೊಸ, ನುಣುಪಾದ ವಸ್ತು ಇದಕ್ಕೆ ಬರುವುದಿಲ್ಲ. ಗೀರು, ತಗ್ಗು, ಕಲೆ ಇರುವಂಥದ್ದೇ ಬೇಕು, ಕಣ್ಣಿಗೆ ಹುಡುಕುವ ಕೆಲಸ ಸಿಗಬೇಕು. ಕನ್ನಡಿ ಮಾತ್ರ ಬೇಡ. ಮುಖವೇ ಬೇರೆಯವರದು ಅನ್ನಿಸುವ ಹೊತ್ತಿನಲ್ಲಿ ಕನ್ನಡಿ ನೋಡಿದರೆ ಹೆಚ್ಚಾಗುತ್ತದೆ.

ತಂಪಿಗೆ ಗಡಿಗೆ ನೀರು ಸಾಕು. ನಮ್ಮಲ್ಲಿ ಮಧ್ಯಾಹ್ನ ಟ್ಯಾಂಕಿನ ನಳದಲ್ಲಿ ಬರುವುದು ಕುದಿ ನೀರೇ, ಕರೆಂಟ್ ಹೋದರೆ ಫ್ರಿಜ್ಜೂ ಕೈಕೊಡುತ್ತದೆ. ಟವೆಲ್ ತೋಯಿಸಿ ಮಣಿಕಟ್ಟಿಗೆ, ಕತ್ತಿನ ಹಿಂದೆ ಅರ್ಧ ನಿಮಿಷ ಇಟ್ಟು ತೆಗೆಯಬೇಕು. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ, ಒಂದು ನಿಮಿಷ ದಾಟದಂತೆ. ತಣ್ಣೀರಿನಲ್ಲಿ ಮುಖ ಮುಳುಗಿಸಿದರೆ ಹೃದಯದ ಬಡಿತ ನಿಧಾನವಾಗುತ್ತದೆ, ಆದ್ದರಿಂದ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮಾಡಬಾರದು.

ನಾಲಿಗೆಗೆ ಹರಳುಪ್ಪು ಅಥವಾ ಹುಣಸೆಹಣ್ಣು. ಕಡಲೆಕಾಳಿನಷ್ಟು ಹರಳು ಒಂದೇ ಸಾಕು, ಬಿಪಿ ಇರುವವರು ಹುಣಸೆಯನ್ನೇ ಇಟ್ಟುಕೊಳ್ಳಲಿ. ಮೊದಲು ಬೆರಳಲ್ಲಿ ಉರುಳಿಸಿ ಅದರ ಮೂಲೆಗಳನ್ನು ಮುಟ್ಟಿ ನೋಡಿ, ಆಮೇಲೆ ನಾಲಿಗೆಯ ತುದಿಗೆ. ಅಮೃತಾಂಜನದ ವಾಸನೆಯೂ ಆದೀತು, ಆದರೆ ಎರಡು ಸಲ ಮೂಸಿ ಮುಚ್ಚಿಬಿಡಿ. ಹಿಡಿದುಕೊಂಡೇ ಕೂತರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಹಳೆಯ ಕೆಟ್ಟ ನೆನಪಿಗೆ ಅಂಟಿಕೊಂಡ ವಾಸನೆಯನ್ನು, ಅದು ಎಷ್ಟೇ ಒಳ್ಳೆಯದಾಗಿರಲಿ, ದೂರ ಇಡಿ. ಮೈ ಚಿವುಟಿಕೊಳ್ಳುವುದು, ಕೈಗೆ ರಬ್ಬರ್ ಬ್ಯಾಂಡ್ ಬಡಿದುಕೊಳ್ಳುವುದು, ಹಸಿಮೆಣಸಿನಕಾಯಿ ಕಚ್ಚುವುದು ನನಗೆ ಒಪ್ಪಿಗೆಯಿಲ್ಲ. ನೋವಿನಿಂದಲೇ ಎಚ್ಚರಾಗುವ ರೂಢಿ ಬಿದ್ದರೆ ನೋವು ದಿನದಿನಕ್ಕೆ ಹೆಚ್ಚು ಬೇಕಾಗುತ್ತದೆ.

ಕೊನೆಗೆ ಮಾತು. ಪರ್ಸಿನಲ್ಲಿ ಒಂದು ಚೀಟಿ ಇದೆ, ದಪ್ಪ ಅಕ್ಷರದಲ್ಲಿ ನಾಲ್ಕೇ ಸಾಲು: ‘ನಾನು ರಾಯಚೂರಿನಲ್ಲಿದ್ದೇನೆ. ನನಗೀಗ 36 ವರ್ಷ. ಅದು ಆಗ ಆಗಿದ್ದು. ಇದು ಇಳಿಯುತ್ತದೆ, ಮೊದಲೂ ಇಳಿದಿದೆ.’ ವಯಸ್ಸು ಬರೆಯುವುದನ್ನು ಮರೆಯಬೇಡಿ. ಹಳೆಯ ಭಯ ಬಂದಾಗ ಹಳೆಯ ವಯಸ್ಸೂ ಬಂದು ಕೂರುತ್ತದೆ. ಇದನ್ನು ಮನಸ್ಸಿನಲ್ಲಿ ಓದಿದರೆ ಸಾಲದು, ತುಟಿ ಅಲ್ಲಾಡಬೇಕು. ಆಮೇಲೆ ರೈಲು ನಿಲ್ದಾಣಗಳ ಹೆಸರನ್ನು ತಿರುಗುಮುರುಗಾಗಿ ಹೇಳುತ್ತೇನೆ: ಕೊಪ್ಪಳ, ಗಿಣಿಗೇರಾ, ಮುನಿರಾಬಾದ್, ಹೊಸಪೇಟೆ, ತೋರಣಗಲ್ಲು, ಬಳ್ಳಾರಿ. ಬಾಯಿಪಾಠವಾಗಿದ್ದನ್ನು ಮುಂದಿನಿಂದ ಹೇಳಿದರೆ ಅದು ತಾನಾಗಿ ಬರುತ್ತದೆ, ಮನಸ್ಸು ಕೂರುವುದಿಲ್ಲ. ಹಿಂದಿನಿಂದ ಹೇಳುವಾಗ ಯೋಚಿಸಲೇಬೇಕಾಗುತ್ತದೆ.

ಉಸಿರಿನ ಬಗ್ಗೆ ಬೇರೆಯಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಕೊಟ್ಟ ತಪ್ಪು ಸಲಹೆ ಹೆಚ್ಚು ಸಿಗುವುದು ಇಲ್ಲೇ. ‘ಕಣ್ಣು ಮುಚ್ಚಿ ದೀರ್ಘ ಉಸಿರು ತಗೊಳ್ಳಿ’ ಅನ್ನುತ್ತಾರೆ. ಕಣ್ಣು ಮುಚ್ಚಿದರೆ ಹೊರಗಿನ ಆಸರೆಯೆಲ್ಲ ಕಳಚಿ ಒಳಗಿನ ದೂರ ಇನ್ನೂ ಹೆಚ್ಚುತ್ತದೆ. ಜೋರುಜೋರಾಗಿ ಉಸಿರೆಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು, ಮಿದುಳಿನ ರಕ್ತನಾಳಗಳು ಕಿರಿದಾಗಿ, ತಲೆ ಹಗುರಾಗಿ, ಬೆರಳು ಜುಮ್ಮೆನ್ನುತ್ತದೆ. ಯಾವುದನ್ನು ಓಡಿಸಬೇಕೆಂದಿದ್ದೆವೋ ಅದೇ ಬರುತ್ತದೆ. ಕಣ್ಣು ತೆರೆದು, ಮೂಗಿನಿಂದ ನಾಲ್ಕು ಎಣಿಕೆ ಒಳಗೆ, ಬಾಯಿಂದ ಆರು ಎಣಿಕೆ ಹೊರಗೆ, ಐದಾರು ಸಲ ಸಾಕು. ಹೆಚ್ಚಾಗುತ್ತಿದೆ ಅನ್ನಿಸಿದರೆ ನಿಲ್ಲಿಸಿ ಕಾಲಿಗೆ ಮರಳಿ. ಇದೇ ಕಾರಣಕ್ಕೆ ಕಣ್ಣು ಮುಚ್ಚಿ ಮಾಡುವ ಉದ್ದದ ಧ್ಯಾನವನ್ನು ನಿಮ್ಮ ಚಿಕಿತ್ಸಕರನ್ನು ಕೇಳದೆ ಶುರು ಮಾಡಬೇಡಿ.

ಇದೆಲ್ಲ ಮನಸ್ಸು ನೆಟ್ಟಗಿದ್ದಾಗಲೇ ರೂಢಿಯಾಗಬೇಕು. ಬೆಳಿಗ್ಗೆ, ಸಂಜೆ ಐದೈದು ನಿಮಿಷ. ಮಂಕಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟುಕೊಳ್ಳಿ. ನಾನು ಮೂರಕ್ಕೇ ಶುರು ಮಾಡುತ್ತೇನೆ, ಏಳರ ಮೇಲೆ ಚೀಟಿ ಓದಲೂ ಆಗುವುದಿಲ್ಲ. ‘ಈಗ ಹೋಯ್ತಾ, ಈಗ ಹೋಯ್ತಾ’ ಎಂದು ನಿಮಿಷಕ್ಕೊಮ್ಮೆ ಪರೀಕ್ಷಿಸಿದರೆ ಅದು ಹೋಗುವುದಿಲ್ಲ. ಕ್ರಮ ಮುಗಿಸಿ ಕೈಗೆ ಕೆಲಸ ಕೊಡಿ, ಹೆಸರುಕಾಳು ಆರಿಸುವುದಾದರೂ ಸರಿ. ಒಂದು ನೋಟುಪುಸ್ತಕದಲ್ಲಿ ಹೊತ್ತು, ಜಾಗ, ಮೊದಲು ಏನಾಗಿತ್ತು, ಎಷ್ಟು ಹೊತ್ತಿತ್ತು ಎಂದು ಬರೆಯುತ್ತ ಹೋದರೆ ತಿಂಗಳೊಳಗೆ ಕಾರಣಗಳು ಕಾಣತೊಡಗುತ್ತವೆ. ನಿದ್ದೆಗೇಡು, ಖಾಲಿ ಹೊಟ್ಟೆ, ಬಿಸಿಲಿನಲ್ಲಿ ನೀರು ಕುಡಿಯದಿರುವುದು, ಜಾತ್ರೆಯ ಗದ್ದಲ, ಈ ನಾಲ್ಕು ನನ್ನ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತವೆ. ಗಾಂಜಾ ಸೇದಿದ ಮೇಲೆ ಇದು ಶುರುವಾದವರೂ ಇದ್ದಾರೆ. ಅಂಥವರಿಗೆ ಅದನ್ನು ಪೂರ್ತಿ ಬಿಡುವುದು ಮೊದಲ ಚಿಕಿತ್ಸೆ. ಅಂಕ ಮೂರು ದಾಟಿದರೆ ಗಾಡಿ ಓಡಿಸಬೇಡಿ, ಒಲೆಯ ಮುಂದೆ ಒಬ್ಬರೇ ನಿಲ್ಲಬೇಡಿ, ಕಾಲುವೆಯ ಏರಿ ಹತ್ತಬೇಡಿ. ಬಸ್ಸಿನಲ್ಲಿದ್ದರೆ ಇಳಿಯುವ ಊರನ್ನು ಕಂಡಕ್ಟರಿಗೆ ಮೊದಲೇ ಹೇಳಿಡಿ.

ಮನೆಯವರು ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದೇ ಹೆಚ್ಚು. ಅಲುಗಾಡಿಸುವುದು, ಕೆನ್ನೆಗೆ ಬಡಿಯುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಸುತ್ತ ಗುಂಪುಗೂಡುವುದು ಬೇಡ. ಕೇಳದೆ ಮುಟ್ಟಬಾರದು. ಎದುರಿಗೆ ಕೂತು, ಮೆಲ್ಲಗೆ, ಸಣ್ಣ ವಾಕ್ಯಗಳಲ್ಲಿ ಮಾತಾಡಬೇಕು. ನನ್ನ ತಂಗಿ ಹೇಳುವುದು ಇಷ್ಟೇ: ‘ಅಕ್ಕಾ, ನಾ ಇಲ್ಲೇ ಅದೀನಿ. ಇವತ್ತ ಗುರುವಾರ. ನಮ್ಮ ಮನ್ಯಾಗ ಅದೀವಿ. ಕಾಲು ಒತ್ತು.’ ಫಿಟ್ಸ್‌ನಂತೆ ಆದರೆ ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಹಾಕಬೇಡಿ, ಮೊಬೈಲಿನಲ್ಲಿ ವಿಡಿಯೋ ತೆಗೆದಿಡಿ, ವೈದ್ಯರಿಗೆ ಅದು ಬಹಳ ಉಪಯೋಗ. ಮೊದಲ ಸಲ ಬಂದಿದ್ದರೆ, ಅಥವಾ ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಮೂರ್ಛೆರೋಗವೋ ಡಿಸೋಸಿಯೇಷನ್ನೋ ಎಂದು ಮನೆಯಲ್ಲಿ ತೀರ್ಮಾನಿಸುವುದು ಅಪಾಯ.

ಗ್ರೌಂಡಿಂಗ್ ಆ ಗಳಿಗೆಯನ್ನು ದಾಟಿಸುತ್ತದೆ, ಕಾರಣಕ್ಕೆ ಚಿಕಿತ್ಸೆಯೇ ಬೇಕು. ನಮ್ಮ ಭಾಗದಲ್ಲಿ ಇದನ್ನು ತಾಲ್ಲೂಕು ಆಸ್ಪತ್ರೆಯಿಂದಲೇ ಶುರು ಮಾಡಬಹುದು. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಹೊರಡುವ ಮೊದಲು ಈ ವಾರ ಇದ್ದಾರೋ ಕೇಳಿಕೊಳ್ಳಿ. ರಾಯಚೂರಿನ ರಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗವೇ ಇದೆ. ಫೋನಿನಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲಿ, ಉಚಿತ. ಸಾಯಬೇಕೆಂಬ ಯೋಚನೆ ಬಂದರೆ, ಗಂಟೆಗಟ್ಟಲೆ ಹೊತ್ತು ನೆನಪಿನಿಂದ ಹೋಗುತ್ತಿದ್ದರೆ ಮಂಗಳವಾರಕ್ಕೆ ಕಾಯಬೇಡಿ.

ಒಳಗೆ ಹೋದ ಮೇಲೆ ‘ತಲಿ ತಿರಗತದ್ರಿ’ ಎಂದಷ್ಟೇ ಹೇಳಿದರೆ ತಲೆಸುತ್ತಿನ ಗುಳಿಗೆ ಸಿಗುತ್ತದೆ. ‘ಸಾರ್, ನನ್ನ ಕೈ ನಂದಲ್ಲ ಅನಸ್ತದ, ಮಂದಿ ದೂರ ಹೋದಂಗ ಕಾಣ್ತಾರ, ನಡುವಿನ ಹೊತ್ತು ನೆನಪಿರಂಗಿಲ್ಲ’ ಎಂದು ಹೇಳಿ, ನೋಟುಪುಸ್ತಕ ತೋರಿಸಿ. ಥೈರಾಯ್ಡ್, ಸಕ್ಕರೆ, ಮೈಗ್ರೇನ್, ಮೂರ್ಛೆರೋಗ ಇಲ್ಲವೆಂದು ಖಚಿತಪಡಿಸಲು ರಕ್ತ ಪರೀಕ್ಷೆಯನ್ನೋ ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿಯನ್ನೋ ಬರೆಯಬಹುದು. ಡಿಸೋಸಿಯೇಷನ್‌ಗೆಂದೇ ಮಾಡಿದ ಗುಳಿಗೆ ಇಲ್ಲ. ಕೊಡುವ ಔಷಧ ಜೊತೆಗಿರುವ ಖಿನ್ನತೆ, ಆತಂಕ, ನಿದ್ದೆಗೇಡಿಗೆ. ಆದರೂ ಅದನ್ನು ನೀವಾಗಿ ತಟ್ಟನೆ ನಿಲ್ಲಿಸಬಾರದು.

ಮುಖ್ಯ ಚಿಕಿತ್ಸೆ ಮಾತಿನದು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಚಿಕಿತ್ಸಕರು ಮೊದಲ ದಿನವೇ ‘ಏನಾಯ್ತು, ಎಲ್ಲಾ ಹೇಳಿ’ ಅನ್ನುವುದಿಲ್ಲ. ಮೊದಲು ಸುರಕ್ಷತೆ, ನಿದ್ದೆ, ಗ್ರೌಂಡಿಂಗ್. ಅದು ಗಟ್ಟಿಯಾದ ಮೇಲೆ ಹಳೆಯ ಗಾಯ, ಆಮೇಲೆ ಮುಂದಿನ ಬದುಕು. ಗಾಯವನ್ನೇ ಮೊದಲು ಕೆದಕಿದರೆ ಮಂಕು ಹೆಚ್ಚಾಗಬಹುದು. ಹಾಗಾಗುತ್ತಿದ್ದರೆ ‘ಮೇಡಂ, ಸ್ವಲ್ಪ ನಿಧಾನ ಮಾಡೋಣ್ರಿ’ ಎಂದು ಹೇಳುವ ಹಕ್ಕು ನಿಮ್ಮದು. ಹುಲಿಗೆಮ್ಮನಿಗೆ ನಡೆದುಕೊಳ್ಳುವವರು ನಡೆದುಕೊಳ್ಳಲಿ, ಹರಕೆ ಹೊತ್ತವರು ತೀರಿಸಲಿ. ದೇವರ ಸೇವೆಯಲ್ಲಿ ಮೈದುಂಬುವುದನ್ನು ವೈದ್ಯರು ರೋಗ ಅನ್ನುವುದಿಲ್ಲ. ಬೇಡವೆಂದರೂ ಬಂದು, ದುಡಿಮೆ, ನಿದ್ದೆ ಕೆಡಿಸುವುದಕ್ಕೆ ಮಾತ್ರ ಚಿಕಿತ್ಸೆ. ಎರಡೂ ಜೊತೆಗೆ ನಡೆಯಬಹುದು. ಹೊಗೆ ಹಾಕುವವರ, ಹೊಡೆಯುವವರ ಕೈಗೆ ಮಾತ್ರ ಕೊಡಬೇಡಿ.

ಪರ್ಸಿನಲ್ಲಿಟ್ಟ ಹರಳುಪ್ಪು ಮಳೆಗಾಲದಲ್ಲಿ ನೀರೊಡೆದು ಚೀಟಿಯ ಅಕ್ಷರ ಕೆಡಿಸುತ್ತದೆ. ಚೀಟಿಗೆ ಲ್ಯಾಮಿನೇಷನ್ ಮಾಡಿಸಿ, ಉಪ್ಪನ್ನು ಸಣ್ಣ ಗುಳಿಗೆ ಡಬ್ಬಿಯಲ್ಲಿ ಹಾಕಿ, ತಿಂಗಳಿಗೊಮ್ಮೆ ಬದಲಾಯಿಸಿ. ಹುಟ್ಟಿದ ದಿನದಂದು ವಯಸ್ಸಿನ ಅಂಕಿಯನ್ನೂ ತಿದ್ದಿ ಹೊಸ ಚೀಟಿ ಬರೆಯಿರಿ.