ಹೊಳೆ ಏರುವ ಮೊದಲೇ ಪಹಣಿ ತೆಗೆದು ನೋಡಿ

ಕಾಳಿ, ಗಂಗಾವಳಿ, ಅಘನಾಶಿನಿ. ಉತ್ತರ ಕನ್ನಡದ ಈ ಹೊಳೆಗಳಲ್ಲಿ ಯಾವುದರ ದಂಡೆಯಲ್ಲಿ ಮನೆ ಇದ್ದರೂ ನೆರೆ ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ಕಾಳಿಯ ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರು ಕಾರವಾರ ತಾಲ್ಲೂಕಿನ ಊರುಗಳಿಗೆ ನುಗ್ಗಿತು. 2021ರ ಜುಲೈನಲ್ಲಿ ಗಂಗಾವಳಿ ಗುಳ್ಳಾಪುರದ ಸೇತುವೆಯನ್ನೇ ಒಯ್ದಿತು. ಸರ್ಕಾರದ ಪರಿಹಾರ ಇದೆ, ಬರುತ್ತದೆ ಕೂಡ. ಆದರೆ ಕಾಗದ ಸರಿ ಇದ್ದವರಿಗೆ ಮೊದಲು. ಹಾಗಾಗಿ ಕೆಲಸ ಬೇಸಿಗೆಯಲ್ಲೇ ಶುರುವಾಗಬೇಕು.

ಏಪ್ರಿಲ್–ಮೇ: ಕಾಗದದ ಕೆಲಸ

ಮೊದಲು ಪಹಣಿ. ಹೆಸರಿನ ಕಾಲಂ ನೋಡಿ. ಅಲ್ಲಿ ಇನ್ನೂ ಅಜ್ಜನ ಹೆಸರೇ ಇದೆಯಾ? ನಮ್ಮ ಕಡೆ ಅರ್ಧ ತೊಂದರೆ ಇಲ್ಲೇ. ಗದ್ದೆ ಮುಳುಗಿದ್ದು ಮೊಮ್ಮಗನದ್ದು, ದಾಖಲೆಯಲ್ಲಿ ಇರುವುದು ತೀರಿಹೋದವರ ಹೆಸರು. ಹಣ ಯಾರ ಖಾತೆಗೆ ಹಾಕಬೇಕು? ಮರಣ ಪ್ರಮಾಣ ಪತ್ರ, ವಂಶವೃಕ್ಷ ಹಿಡಿದುಕೊಂಡು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ಅಣ್ಣತಮ್ಮಂದಿರ ಒಪ್ಪಿಗೆ ಆಗಬೇಕು, ಆಕ್ಷೇಪಣೆಯ ಅವಧಿ ಮುಗಿಯಬೇಕು. ಜೂನ್‌ನಲ್ಲಿ ಓಡಾಡಿದರೆ ಆಗುವ ಮಾತಲ್ಲ ಇದು.

ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಫ್ರೂಟ್ಸ್ ನಂಬರ್‌ಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಎಲ್ಲಾ ಸರ್ವೆ ನಂಬರ್ ಸೇರಿದೆಯಾ ಅಂತ ಕೇಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಪಾಸ್‌ಬುಕ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಮಾಡಿಸಿ.

ಮನೆಗೆ ಪಂಚಾಯಿತಿಯ ಆಸ್ತಿ ನಂಬರ್, ತೆರಿಗೆ ರಸೀದಿ ಇಟ್ಟುಕೊಳ್ಳಿ. ಅತಿಕ್ರಮಣ ಜಾಗದಲ್ಲಿ ಮನೆ ಕಟ್ಟಿಕೊಂಡವರು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅಂಥವರಿಗೆ ಪೂರ್ತಿ ಪರಿಹಾರ ಸಿಗುವುದು ಕಷ್ಟ. ಹಾಗಂತ ಸುಮ್ನೆ ಕೂರಬೇಡಿ. ಕರೆಂಟ್ ಬಿಲ್, ರೇಷನ್ ಕಾರ್ಡ್ ತೋರಿಸಿ ಅರ್ಜಿಯಂತೂ ಕೊಡಿ. ಮನೆಯ ನಾಲ್ಕೂ ಕಡೆಯ ಫೋಟೊ ಬೇಸಿಗೆಯಲ್ಲೇ ತೆಗೆದಿಡಿ. ಗೋಡೆ ಮೊದಲು ಹೇಗಿತ್ತು ಅಂತ ಆಮೇಲೆ ಬಾಯಲ್ಲಿ ಹೇಳಿದರೆ ಯಾರೂ ಬರೆದುಕೊಳ್ಳುವುದಿಲ್ಲ.

ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಮಾಡಿಸುವವರು ಇನ್ನೊಂದು ನೋಡಬೇಕು. ಆ ವಿಮೆ ಲೆಕ್ಕ ಹಾಕುವುದು ಪಂಚಾಯಿತಿಯ ಮಳೆಮಾಪಕದ ಅಂಕಿಯ ಮೇಲೆ, ನಿಮ್ಮ ತೋಟದ ಕೊಳೆರೋಗ ನೋಡಿ ಅಲ್ಲ. ಮಾಪಕ ಕೆಟ್ಟು ನಿಂತಿದ್ದರೆ ಮಳೆಗೆ ಮೊದಲೇ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ.

ಗಜನಿ ಇದ್ದವರಿಗೆ

ಕುಮಟಾ, ಅಂಕೋಲಾ ಕಡೆ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿಗಳಿಗೆ, ಅಂದರೆ ಹಿನ್ನೀರಿನ ದಂಡೆಯ ತಗ್ಗು ಗದ್ದೆಗಳಿಗೆ, ಒಡ್ಡೇ ಜೀವ. ಒಡ್ಡು ಒಡೆದರೆ ಉಪ್ಪುನೀರು ಒಳಗೆ ಬರುತ್ತದೆ. ಹಲಗೆ ಬಾಗಿಲು ಕೆಟ್ಟರೆ ಮಳೆನೀರು ಹೊರಗೆ ಹೋಗುವುದಿಲ್ಲ. ಎರಡೂ ನೆರೆಯೇ. ಇದಕ್ಕೆ ಇರುವುದು ಗದ್ದೆಗೆ ಉಪ್ಪುನೀರು ನುಗ್ಗದಂತೆ ತಡೆಯುವ ಖಾರ್‌ಲ್ಯಾಂಡ್ ಯೋಜನೆ, ನೋಡಿಕೊಳ್ಳುವುದು ಸಣ್ಣ ನೀರಾವರಿ ಇಲಾಖೆ. 2022–23ರ ಬಜೆಟ್‌ನಲ್ಲಿ ಕರಾವಳಿಯ ಮೂರು ಜಿಲ್ಲೆಗಳಿಗೆ 1,500 ಕೋಟಿ ರೂಪಾಯಿಯ ಯೋಜನೆ ಘೋಷಣೆಯಾಗಿತ್ತು. ಒಬ್ಬೊಬ್ಬರೇ ಅರ್ಜಿ ಕೊಟ್ಟರೆ ಉಪಯೋಗ ಕಡಿಮೆ. ಗಜನಿಯ ಎಲ್ಲಾ ರೈತರ ಸಹಿ, ಸರ್ವೆ ನಂಬರ್‌ಗಳು, ಒಡೆದ ಜಾಗದ ಫೋಟೊ ಸೇರಿಸಿ ಒಂದೇ ಅರ್ಜಿ ಮಾಡಿ. ಗ್ರಾಮಸಭೆಯ ನಡಾವಳಿಯಲ್ಲೂ ಬರೆಸಿ.

ಜೂನ್‌ನಿಂದ: ಎಚ್ಚರಿಕೆ ಓದುವುದು

ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಎಂದರೆ 24 ತಾಸಿನಲ್ಲಿ 115.6ರಿಂದ 204.4 ಮಿ.ಮೀ. ಮಳೆ. ರೆಡ್ ಎಂದರೆ ಅದಕ್ಕೂ ಜಾಸ್ತಿ. ನಿಮ್ಮ ಊರಿನ ಮುನ್ಸೂಚನೆ ಬೇಕಿದ್ದರೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಫೋನ್ ಮಾಡಿ. ಜಿಲ್ಲಾ ನಿಯಂತ್ರಣ ಕೊಠಡಿ 1077.

ಕಾಳಿ ದಂಡೆಯವರು ಕದ್ರಾದ ಮಟ್ಟವನ್ನೂ ಕೇಳಿಸಿಕೊಳ್ಳಿ. ಗರಿಷ್ಠ 34.5 ಮೀಟರ್. ಹೊರಹರಿವು ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್‌ಗೂ ಜಾಸ್ತಿ, 12 ಸಾವಿರ ಲೀಟರ್‌ನ ಸುಮಾರು 235 ಟ್ಯಾಂಕರ್ ನೀರು! ಗಂಗಾವಳಿಗೆ ಇಂಥ ದೊಡ್ಡ ಅಣೆಕಟ್ಟೆಯಿಲ್ಲ. ಅಲ್ಲಿ ಕೆಳಗಿನವರು ನೋಡಬೇಕಾದ್ದು ಯಲ್ಲಾಪುರ, ಕಲಘಟಗಿ ಕಡೆಯ ಮಳೆ. ಅಂಕೋಲೆಯಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರ ಬೇರೆ ಸೇರಿದರೆ ಅಳಿವೆ ಹತ್ತಿರ ನೀರು ಇಳಿಯುವುದೇ ಇಲ್ಲ. ಅಧಿಕಾರಿಗಳು ಕಾಳಜಿ ಕೇಂದ್ರಕ್ಕೆ (ನೆರೆ ಸಂತ್ರಸ್ತರ ತಾತ್ಕಾಲಿಕ ಆಸರೆ) ಹೊರಡಿ ಎಂದಾಗ ಹೊರಡಿ. ದಾಖಲೆಯ ಕವರ್ ನಿಮ್ಮ ಜೊತೆಗೇ ಇರಲಿ.

ನೀರು ಇಳಿದ ಮೇಲೆ: ಪಂಚನಾಮೆ

ಪಂಚನಾಮೆ ಅಂದರೆ ಅಧಿಕಾರಿ ಹಾನಿಯನ್ನು ಸ್ಥಳದಲ್ಲೇ ನೋಡಿ ಬರೆಯುವ ವರದಿ. ಇದೇ ಮುಖ್ಯ ಹಂತ. ಮನೆ ತೊಳೆಯುವ ಆತುರ ಎಲ್ಲರಿಗೂ ಇರುತ್ತದೆ. ಆದರೂ ತೊಳೆಯುವ ಮೊದಲು ಗೋಡೆಯ ಮೇಲೆ ಕೆಸರಿನ ಗೆರೆ ಎಲ್ಲಿತನಕ ಬಂದಿದೆಯೋ ಅಲ್ಲಿ ಬಣ್ಣದಲ್ಲಿ ಗುರುತು ಹಾಕಿ. ಪಕ್ಕದಲ್ಲಿ ಅಳತೆ ಟೇಪ್ ಹಿಡಿದು, ದಿನಾಂಕ, ಜಾಗ ಬರುವ ಹಾಗೆ ಫೋಟೊ ತೆಗೆಯಿರಿ. ಬಿದ್ದ ಗೋಡೆ, ಸತ್ತ ದನ, ಗದ್ದೆಯಲ್ಲಿ ಕೂತ ಮರಳು ಎಲ್ಲದರದ್ದೂ ಬೇಕು. ದನ ಸತ್ತರೆ ಪಶುವೈದ್ಯರ ವರದಿ ಇಲ್ಲದೆ ಆಗುವುದಿಲ್ಲ, ಹೂಳುವ ಮೊದಲೇ ಕರೆಸಿ.

ಗ್ರಾಮ ಆಡಳಿತಾಧಿಕಾರಿ ಬರುವ ಹೊತ್ತಿಗೆ ಮನೆಯವರು ಯಾರಾದರೂ ಇರಲೇಬೇಕು. ಬರೆದದ್ದನ್ನು ಓದಿಸಿಕೊಂಡೇ ಸಹಿ ಹಾಕಿ. ಹಾನಿ ಎಷ್ಟು ಶೇಕಡಾ ಅಂತ ಬರೆದಿದ್ದಾರೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಬೆಳೆಯಾದರೆ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. 2021ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ 5 ಲಕ್ಷ ಕೊಟ್ಟಿತು, ಅಲ್ಪ ಹಾನಿಗೆ 50 ಸಾವಿರ. ವ್ಯತ್ಯಾಸ ನೋಡಿದಿರಲ್ವಾ? ಒಪ್ಪಿಗೆ ಇಲ್ಲದಿದ್ದರೆ ತಹಶೀಲ್ದಾರರಿಗೆ ಫೋಟೊ ಸಮೇತ ಮರುಸಮೀಕ್ಷೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಬೆಳೆಗೆ 2022–26ರ ಕೇಂದ್ರದ ಮಾನದಂಡದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಅಡಿಕೆಯಂಥ ಬಹುವಾರ್ಷಿಕಕ್ಕೆ 22,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ. ಗದ್ದೆಯಲ್ಲಿ ಮೂರು ಇಂಚಿಗಿಂತ ಜಾಸ್ತಿ ಮರಳು ಕೂತಿದ್ದರೆ ತೆಗೆಯಲು ಹೆಕ್ಟೇರಿಗೆ 18,000. ಇದನ್ನು ಕೇಳುವವರೇ ಕಡಿಮೆ. ಬೆಳೆಹಾನಿ ಅರ್ಜಿಯಲ್ಲೇ ಮರಳಿನ ಅಳತೆಯನ್ನೂ ಬರೆಸಿ.

ಹಣ ಬಂತೋ ಇಲ್ಲವೋ ಎಂದು ಕಂದಾಯ ಇಲಾಖೆಯ ‘ಪರಿಹಾರ’ ಜಾಲತಾಣದಲ್ಲಿ ಆಧಾರ್ ನಂಬರ್ ಹಾಕಿ ನೋಡಬಹುದು. ವರ್ಷ ಮತ್ತು ವಿಪತ್ತಿನ ಬಗೆ ಸರಿಯಾಗಿ ಆರಿಸಿ. ಹಣ ವಾಪಸ್ ಹೋಗಿದ್ದರೆ ಮೊದಲು ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆ ಕೇಳಿ, ತಾಲ್ಲೂಕು ಕಚೇರಿಗೆ ಆಮೇಲೆ.